ಒಂದು ಮೂಲೆಗೆ ಐದು ಚೌಕ: ಹೈಪರ್ಬೋಲಿಕ್ ಗೇಮ್ ಲೋಕ ಕಟ್ಟಿದ ಲಾಗ್

ಗ್ರಾಫ್ ಹಾಳೆಯ ಯಾವ ಮೂಲೆ ನೋಡಿದರೂ ಅಲ್ಲಿ ನಾಲ್ಕು ಚೌಕ ಸೇರುತ್ತವೆ. ನಾನು ಕಟ್ಟಲು ಹೊರಟ ಲೋಕದಲ್ಲಿ ಐದು ಸೇರಬೇಕು. ಅದೂ ಸೊಟ್ಟ ಚೌಕಗಳಲ್ಲ. ನಾಲ್ಕೂ ಬದಿ ನೇರ, ನಾಲ್ಕೂ ಬದಿ ಸಮ, ನಾಲ್ಕೂ ಕೋನ ಸಮ. ಬಟ್ಟೆಯ ಚೌಕಗಳನ್ನು ಮೂಲೆಗೆ ಐದರಂತೆ ಹೊಲಿಯುತ್ತಾ ಹೋದರೆ ಬಟ್ಟೆ ನೆಲಕ್ಕೆ ಕೂರುವುದಿಲ್ಲ, ನೆರಿಗೆ ನೆರಿಗೆಯಾಗಿ ಎದ್ದು ನಿಲ್ಲುತ್ತದೆ. ಹೈಪರ್ಬೋಲಿಕ್ ಜಾಗದಲ್ಲಿ, ಅಂದರೆ ಪ್ರತಿ ಬಿಂದುವಿನಲ್ಲೂ ಕುದುರೆ ಜೀನಿನಂತೆ ಬಾಗಿದ ಜಾಗದಲ್ಲಿ ಮಾತ್ರ ಅದು ಸಪಾಟಾಗಿ ಹಾಸಿಕೊಳ್ಳುತ್ತದೆ. ಅಲ್ಲಿ ಈ ಚೌಕದ ಮೂಲೆ 90 ಡಿಗ್ರಿ ಅಲ್ಲ, 72. ಐದು ಸಲ 72 ಅಂದರೆ 360, ಲೆಕ್ಕ ಸರಿಹೋಯಿತು.

ಅಂಥ ನೆಲದ ಮೇಲೆ ಆಟಗಾರ ನಡೆದಾಡಬೇಕು. ಗೋಡೆಗಳಿರಬೇಕು, ಬೆಳಕಿರಬೇಕು, ಕಣ್ಣಿಗೆ ಕಾಣುವುದೆಲ್ಲ ಆ ರೇಖಾಗಣಿತದ ಪ್ರಕಾರವೇ ಇರಬೇಕು. ಸಿ++ ಭಾಷೆ ಮತ್ತು ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್‌ನಲ್ಲಿ ಮೊದಲಿಂದ ಬರೆದೆ.

ಗೇಮ್ ಲೋಕದಲ್ಲಿ ನಾನ್-ಯೂಕ್ಲಿಡಿಯನ್ (ಶಾಲೆಯ ರೇಖಾಗಣಿತ ನಡೆಯದ ಜಾಗ) ಅಂತ ಕರೆಯುವ ಬಹಳಷ್ಟು ಕೆಲಸ ಪೋರ್ಟಲ್‌ಗಳದು. ಹೊರಗಿಂದ ಚಿಕ್ಕ ಗುಡಿಸಲು, ಒಳಗೆ ಹೋದರೆ ದೊಡ್ಡ ಹಜಾರ. ಅದೂ ಸೊಗಸಾದ ಕೆಲಸವೇ. ಆದರೆ ಅಲ್ಲಿ ಪ್ರತಿ ಕೋಣೆಯೂ ಸಾಮಾನ್ಯ ಸಮತಟ್ಟು ಜಾಗ, ಬಾಗಿಲಲ್ಲಿ ಮಾತ್ರ ಜೋಡಣೆ ಬೇರೆ. ನನಗೆ ಬೇಕಿದ್ದದ್ದು ಪ್ರತಿ ಬಿಂದುವಿನಲ್ಲೂ ಬಾಗಿದ ಜಾಗ. ಚಿತ್ರ ಬಿಡಿಸುವುದೇ ಕಷ್ಟದ ಭಾಗ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಅದು ಹಾಗಲ್ಲ. ಚಿತ್ರ ಬಿಡಿಸುವ ಯಂತ್ರ ಜಿಪಿಯು (ಗ್ರಾಫಿಕ್ಸ್ ಚಿಪ್) ಒಳಗೆ ಆಗಲೇ ಸಿದ್ಧವಾಗಿದೆ. ನಿಜವಾದ ದುಡಿಮೆ ಇರುವುದು ಆಟಗಾರ ಎಲ್ಲಿದ್ದಾನೆ ಅಂತ ನೆನಪಿಡುವುದರಲ್ಲಿ.

ನಾಲ್ಕನೇ ಸಂಖ್ಯೆ

ಹೈಪರ್ಬೋಲಿಕ್ ಜಾಗದ ಒಂದು ಬಿಂದುವನ್ನು ನಾಲ್ಕು ಸಂಖ್ಯೆಗಳಲ್ಲಿ ಬರೆಯಬಹುದು: ಎಕ್ಸ್, ವೈ, ಝಡ್, ಡಬ್ಲ್ಯು. ಷರತ್ತು ಒಂದೇ. ಡಬ್ಲ್ಯು ವರ್ಗದಿಂದ ಉಳಿದ ಮೂರರ ವರ್ಗಗಳನ್ನು ಕಳೆದರೆ 1 ಬರಬೇಕು. ಮೂಲಬಿಂದು ಅಂದರೆ (0, 0, 0, 1). ಅಲ್ಲಿಂದ ದೂರ ಹೋದಂತೆ ಡಬ್ಲ್ಯು ಬೆಳೆಯುತ್ತದೆ. ಒಂದು ಬಿಂದು ಮೂಲದಿಂದ ಎಷ್ಟು ದೂರವಿದೆಯೋ ಆ ದೂರದ ಹೈಪರ್ಬೋಲಿಕ್ ಕೊಸೈನ್, ಅಂದರೆ ಕಾಶ್, ಅದೇ ಡಬ್ಲ್ಯು.

ತಿರುಗುವುದು ಎಂದಿನ ತಿರುಗುವಿಕೆಯೇ. ಚಲಿಸುವುದು ಮಾತ್ರ ಬೇರೆ. ಸಮತಟ್ಟು ಜಾಗದಲ್ಲಿ ಚಲನೆ ಅಂದರೆ ಕೂಡುವುದು. ಇಲ್ಲಿ ಚಲನೆಯೂ ಒಂದು ಥರದ ತಿರುಗುವಿಕೆ: ಝಡ್ ಮತ್ತು ಡಬ್ಲ್ಯು ಎರಡನ್ನೂ ಕಾಶ್ ಮತ್ತು ಸಿಂಶ್ (ಹೈಪರ್ಬೋಲಿಕ್ ಸೈನ್) ಹಾಕಿ ಬೆರೆಸಬೇಕು. ವಿಶೇಷ ಸಾಪೇಕ್ಷತೆ ಓದಿದವರಿಗೆ ಇದು ಲೊರೆಂಟ್ಸ್ ಬೂಸ್ಟ್ ಅಂತ ಗೊತ್ತಾಗುತ್ತದೆ. ಗಣಿತ ಅದೇ, ಸಂದರ್ಭ ಬೇರೆ. ಹಾಗಾಗಿ ತಿರುಗುವುದು, ಚಲಿಸುವುದು ಎರಡೂ ಒಂದೇ 4×4 ಮ್ಯಾಟ್ರಿಕ್ಸ್‌ನಲ್ಲಿ (ಹದಿನಾರು ಸಂಖ್ಯೆಗಳ ಕೋಷ್ಟಕ) ಕೂರುತ್ತವೆ.

ಈಗ ಮುಖ್ಯ ವಿಷಯ. ಎಕ್ಸ್, ವೈ, ಝಡ್ ಮೂರನ್ನೂ ಡಬ್ಲ್ಯುನಿಂದ ಭಾಗಿಸಿದರೆ ಇಡೀ ಅನಂತ ಜಾಗ ಒಂದು ಗೋಳದ ಒಳಗೆ ಬಂದು ಕೂರುತ್ತದೆ. ಇದು 1868ರಲ್ಲಿ ಬೆಲ್ಟ್ರಾಮಿ ಕೊಟ್ಟ ಮಾದರಿ, ಆಮೇಲೆ ಕ್ಲೈನ್ ಹೆಸರೂ ಸೇರಿಕೊಂಡಿತು. ಇದರ ದೊಡ್ಡ ಗುಣ ಏನೆಂದರೆ, ಹೈಪರ್ಬೋಲಿಕ್ ಜಾಗದ ನೇರ ಗೆರೆ ಈ ಗೋಳದಲ್ಲೂ ನೇರ ಗೆರೆಯೇ. ಜಿಪಿಯುಗೆ ಬಿಡಿಸಲು ಬರುವುದು ನೇರ ಅಂಚಿನ ತ್ರಿಕೋನ ಮಾತ್ರ. ಅದಕ್ಕೆ ಬೇಕಾದದ್ದು ಇಷ್ಟೇ. ಇನ್ನೊಂದು ಮಾತು, ಗೋಳದ ನಡುಮಧ್ಯದಲ್ಲಿ ಕೋನಗಳೂ ಸರಿಯಾಗಿರುತ್ತವೆ. ಕ್ಯಾಮೆರಾ ಯಾವಾಗಲೂ ಮಧ್ಯದಲ್ಲೇ ಇರುವುದರಿಂದ ದೂರದ್ದನ್ನು ಚಿಕ್ಕದಾಗಿ ತೋರಿಸುವ ಎಂದಿನ ಪರ್‌ಸ್ಪೆಕ್ಟಿವ್ ಮ್ಯಾಟ್ರಿಕ್ಸ್ ಒಂದಕ್ಷರ ಬದಲಾಗದೆ ಕೆಲಸ ಮಾಡುತ್ತದೆ. 1992ರಲ್ಲೇ ಮಿನೆಸೋಟ ವಿಶ್ವವಿದ್ಯಾಲಯದ ಜ್ಯಾಮಿತಿ ಕೇಂದ್ರದವರು 4×4 ಮ್ಯಾಟ್ರಿಕ್ಸ್‌ನ ಈ ಉಪಯೋಗವನ್ನು ಬರೆದಿಟ್ಟಿದ್ದಾರೆ.

ಶೇಡರ್‌ನಲ್ಲಿ (ಜಿಪಿಯು ಮೇಲೆ ಓಡುವ ಪುಟ್ಟ ಪ್ರೋಗ್ರಾಂ) ಮಾಡಿದ ಬದಲಾವಣೆ ಇಷ್ಟು: ಮೆಶ್‌ನ (ತ್ರಿಕೋನಗಳ ಬಲೆ) ಪ್ರತಿ ವರ್ಟೆಕ್ಸ್‌ಗೂ (ತ್ರಿಕೋನದ ಮೂಲೆ) ಮೂರರ ಬದಲು ನಾಲ್ಕು ಸಂಖ್ಯೆ ಕಳಿಸಿದೆ. ಡಬ್ಲ್ಯು ಜಾಗದಲ್ಲಿ ಸುಮ್ನೆ 1 ಅಂತ ತುಂಬುವ ಸಾಲು ಹೋಯಿತು, ನಿಜವಾದ ಬೆಲೆ ಬಂತು. ನಾರ್ಮಲ್‌ಗಳಿಗೂ (ಮೇಲ್ಮೈಗೆ ಲಂಬವಾದ ದಿಕ್ಕು) ಹಾಗೆಯೇ. ಅವಕ್ಕೆ ಡಬ್ಲ್ಯು ಸೊನ್ನೆ ಅನ್ನುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಯಾವ ನಾರ್ಮಲ್‌ಗೂ ಅದು ಸೊನ್ನೆಯೇ ಅನ್ನುವ ಖಾತ್ರಿ ಇರುವುದು ಮೂಲಬಿಂದುವಿನಲ್ಲಿ ಮಾತ್ರ. ಒಂದು ಅನುಕೂಲವೂ ಇದೆ: ನಾರ್ಮಲ್‌ಗಳಿಗೆ ಬೇರೆ ಇನ್ವರ್ಸ್-ಟ್ರಾನ್ಸ್‌ಪೋಸ್ ಮ್ಯಾಟ್ರಿಕ್ಸ್ ಬೇಡ. ವರ್ಟೆಕ್ಸ್‌ಗೆ ಹಾಕಿದ ಮ್ಯಾಟ್ರಿಕ್ಸ್ ಅದಕ್ಕೂ ಸಾಕು.

ಸಿದ್ಧ ಎಂಜಿನ್ ಬಳಸದೆ ಸ್ವಂತ ರೆಂಡರರ್ ಬರೆಯಲು ಕಾರಣವೂ ಇಲ್ಲೇ ಇದೆ. ಸಿದ್ಧ ಎಂಜಿನ್‌ಗಳು ಪ್ರತಿ ವಸ್ತುವನ್ನೂ ಜಾಗ, ತಿರುಗು, ಗಾತ್ರ ಅಂತ ಮೂರು ತುಂಡು ಮಾಡಿ ಇಡುತ್ತವೆ. ಹೈಪರ್ಬೋಲಿಕ್ ಜಾಗದಲ್ಲಿ ಗಾತ್ರ ಬದಲಿಸುವ ಮ್ಯಾಟ್ರಿಕ್ಸ್ ಅನ್ನುವುದೇ ಇಲ್ಲ. ಚೌಕವನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ಅದರ ಮೂಲೆಯ ಕೋನವೇ ಬದಲಾಗುತ್ತದೆ. ಗಾತ್ರವನ್ನು ಮೆಶ್ ಕಟ್ಟುವಾಗಲೇ ತೀರ್ಮಾನಿಸಬೇಕು.

ಟೈಲ್‌ನ ಅಳತೆ

ಮೂಲೆಗೆ ಐದು ಅಂದ ಮೇಲೆ ಚೌಕದ ಗಾತ್ರವೂ ತೀರ್ಮಾನವಾಗಿಬಿಡುತ್ತದೆ. ಬದಿಯ ಉದ್ದ 1.2537 (ಏಕಮಾನ ಈ ಜಾಗದ ವಕ್ರತೆಯೇ ಕೊಡುವಂಥದ್ದು, ಮೀಟರ್ ಅಲ್ಲ). ನಡುವಿನಿಂದ ಬದಿಗೆ 0.5306, ನಡುವಿನಿಂದ ಮೂಲೆಗೆ 0.8425. ಈ ಚೌಕವೇ ನಮ್ಮ ಟೈಲ್; ಒಂದು ಟೈಲ್‌ನ ನಡುವಿನಿಂದ ಪಕ್ಕದ ಟೈಲ್‌ನ ನಡುವಿಗೆ 1.0613. ವಿಸ್ತೀರ್ಣ ಲೆಕ್ಕ ಹಾಕುವುದಂತೂ ಇನ್ನೂ ಸುಲಭ: ನಾಲ್ಕು ಕೋನಗಳ ಮೊತ್ತ 360ಕ್ಕೆ ಎಷ್ಟು ಕಡಿಮೆಯೋ ಅಷ್ಟು. 360 ಕಳೆದು 288 ಅಂದರೆ 72 ಡಿಗ್ರಿ, ರೇಡಿಯನ್‌ನಲ್ಲಿ 1.2566.

ಬೆಲ್ಟ್ರಾಮಿಯ ಗೋಳದಲ್ಲಿ ಈ ಟೈಲ್ ಮಾಮೂಲಿ ಚೌಕದ ಹಾಗೇ ಕಾಣುತ್ತದೆ. ಬದಿಗಳು ಎಕ್ಸ್ ಮತ್ತು ಝಡ್ ±0.4859 ಇರುವಲ್ಲಿ. ಆಟಗಾರ ಟೈಲ್ ದಾಟಿದನಾ ಅನ್ನುವ ಪರೀಕ್ಷೆ ಒಂದು ಸಾಲು: ಎಕ್ಸ್ ಭಾಗಿಸು ಡಬ್ಲ್ಯು 0.4859 ಮೀರಿತಾ? ಗೋಡೆಗೆ ಡಿಕ್ಕಿ ಹೊಡೆಯುವ ಲೆಕ್ಕವೂ ಒಂದೇ ಸಾಲು. ಎಕ್ಸ್ ಅನ್ನು 1.1441ರಿಂದ ಗುಣಿಸಿ, ಡಬ್ಲ್ಯು ಅನ್ನು 0.5559ರಿಂದ ಗುಣಿಸಿ ಕಳೆದರೆ ಗೋಡೆಯವರೆಗಿನ ದೂರದ ಸಿಂಶ್ ಸಿಗುತ್ತದೆ. ಗೋಡೆಯ ಈಚೆ ಇದ್ದರೆ ಬೆಲೆ ಋಣ.

ಈ ಅಳತೆಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಟೈಲ್‌ನಿಂದ ಟೈಲ್‌ಗೆ ಹೋಗುವ ಬೂಸ್ಟ್ ಮ್ಯಾಟ್ರಿಕ್ಸ್ ತುಂಬುವಾಗ 1.0613ರ ಕಾಶ್ ಬೇಕು. ಅದು 1.618034. ಸ್ವರ್ಣ ಅನುಪಾತ! ಇನ್ನು ಮೇಲೆ ಇದನ್ನು ಫೈ ಅನ್ನುತ್ತೇನೆ. ಸಿಂಶ್‌ನ ಬೆಲೆ 1.27202, ಅಂದರೆ ಫೈಯ ವರ್ಗಮೂಲ. ಇದು ಕಾಕತಾಳೀಯ ಅಲ್ಲ. ಐದರ ಸಮಮಿತಿ ಇರುವಲ್ಲಿ 36 ಡಿಗ್ರಿಯ ಕೊಸೈನ್ ಬರುತ್ತದೆ, ಅದು ಫೈಯ ಅರ್ಧ. ಈ ಒಂದು ಸಂಗತಿ ಮುಂದೆ ಇಡೀ ಯೋಜನೆಯನ್ನು ಹೊತ್ತು ನಿಂತಿತು.

ನೆಲ, ಗೋಡೆ

ನೆಲದ ಮೇಲಿನ ಬಿಂದುವನ್ನು ಎತ್ತರಕ್ಕೆ ಏರಿಸುವುದು ಹೀಗೆ: ಅದರ ಎಕ್ಸ್, ಝಡ್, ಡಬ್ಲ್ಯು ಮೂರನ್ನೂ ಎತ್ತರದ ಕಾಶ್‌ನಿಂದ ಗುಣಿಸು, ವೈ ಜಾಗದಲ್ಲಿ ಎತ್ತರದ ಸಿಂಶ್ ಇಡು. ಸೂತ್ರ ಚಿಕ್ಕದು, ಪರಿಣಾಮ ದೊಡ್ಡದು. ಮೇಲೆ ಹೋದಂತೆ ಅಡ್ಡ ಅಳತೆಗಳು ಹಿಗ್ಗುತ್ತವೆ. ಲಂಬವಾಗಿ ನಿಂತ ಎರಡು ಕಂಬಗಳು ಮೇಲೆ ಮೇಲೆ ದೂರ ಸರಿಯುತ್ತಾ ಹೋಗುತ್ತವೆ.

ಗೋಡೆಯ ಎತ್ತರ 0.6 ಇಟ್ಟು, ನಾಲ್ಕು ಮೂಲೆಗೆ ನಾಲ್ಕು ವರ್ಟೆಕ್ಸ್, ಎರಡು ತ್ರಿಕೋನ ಹಾಕಿದರೆ ಗೋಡೆಯ ಮೇಲಂಚು ನಡುವಲ್ಲಿ ಕುಸಿದು ಕಾಣುತ್ತದೆ. ಎರಡು ತುದಿಯಲ್ಲಿ 0.6 ಎತ್ತರ, ನಡುವಲ್ಲಿ 0.48 ಮಾತ್ರ. ಜಿಪಿಯು ಮಾಡಿದ್ದು ಸರಿಯೇ. ಎರಡು ತುದಿಗಳ ನಡುವೆ ಅದು ನೇರ ಗೆರೆ ಎಳೆದಿದೆ. ನೆಲದಿಂದ ಒಂದೇ ಎತ್ತರದಲ್ಲಿ ಸಾಗುವ ಗೆರೆ ಈ ಜಾಗದಲ್ಲಿ ನೇರ ಗೆರೆ ಅಲ್ಲ, ಅದು ಬಾಗಿದ ಗೆರೆ. ನೇರ ದಾರಿ ನೆಲದ ಕಡೆಗೆ ಬಾಗಿ ಹೋಗುತ್ತದೆ. ಹಾಗಾಗಿ ಪ್ರತಿ ಗೋಡೆಯನ್ನು ಎಂಟು ಪಟ್ಟಿಗಳಾಗಿ ಸೀಳಿ ಪ್ರತಿ ಪಟ್ಟಿಯ ಮೇಲಂಚನ್ನೂ 0.6ಕ್ಕೆ ಕೂರಿಸಿದೆ. ಈಗ ಕುಸಿತ ಕಣ್ಣಿಗೆ ಬೀಳುವುದಿಲ್ಲ.

ಮೊದಲ ಸಲ ಗೋಡೆಗಳಿಲ್ಲದೆ ಬರೀ ನೆಲ ಬಿಡಿಸಿ ನೋಡಿದಾಗ ಇನ್ನೊಂದು ಸಂಗತಿ ಎದುರಾಗುತ್ತದೆ. ದಿಗಂತ ಕಣ್ಣಿನ ಮಟ್ಟದಲ್ಲಿ ಇರುವುದಿಲ್ಲ, ಕೆಳಗೆ ಇರುತ್ತದೆ. ಕಣ್ಣಿನ ಎತ್ತರ 0.3 ಇಟ್ಟರೆ ದಿಗಂತ ಸುಮಾರು 17 ಡಿಗ್ರಿ ಕೆಳಗೆ. ಕೊನೆಯೇ ಇಲ್ಲದ ನೆಲ ಕೆಳಗೆ ಒಂದು ದುಂಡನೆಯ ತಟ್ಟೆಯಷ್ಟು ಜಾಗದಲ್ಲಿ ಮುಗಿದುಹೋದಂತೆ ಕಾಣುತ್ತದೆ. ಆಟಗಾರ ಹಾರಿದರೆ ಆ ತಟ್ಟೆ ಇನ್ನೂ ಕಿರಿದಾಗುತ್ತದೆ. ನೋಡಿದವರಿಗೆ ಗುಡ್ಡದ ನೆತ್ತಿಯ ಮೇಲೆ ನಿಂತ ಭಾವನೆ ಬರುತ್ತದೆ, ಎಲ್ಲಿ ಹೋದರೂ ಅದೇ ನೆತ್ತಿ. ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಾಗಿಸಿ ಇಟ್ಟರೆ ಆಡುವುದು ಆರಾಮ. ಡಿಫಾಲ್ಟ್ ಕೋನವನ್ನು ಹಾಗೇ ಬದಲಿಸಿದೆ.

ಬೆಳಕಿನ ಕೆಲಸ ಬೇಗ ಮುಗಿಯಿತು. ದೂರದ ವರ್ಗದಿಂದ ಭಾಗಿಸುವ ಕಡೆ ದೂರದ ಸಿಂಶ್‌ನ ವರ್ಗದಿಂದ ಭಾಗಿಸಬೇಕು, ಅಷ್ಟೇ. ದೀಪಗಳ ಶಕ್ತಿಯನ್ನು ಮಾತ್ರ ಬಹಳ ಜಾಸ್ತಿ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಎರಡು ಟೈಲ್ ಆಚೆಗೆ ಕತ್ತಲೆ.

ಫ್ಲೋಟ್ ಸೋಲುವ ಜಾಗ

ಇಲ್ಲಿಂದ ನಿಜವಾದ ಕೆಲಸ ಶುರು.

ಡಬ್ಲ್ಯು ಬೆಳೆಯುವುದು ದೂರಕ್ಕೆ ತಕ್ಕಷ್ಟಲ್ಲ, ಘಾತೀಯವಾಗಿ. ದೂರ 5ಕ್ಕೆ ಡಬ್ಲ್ಯು 74. ದೂರ 10ಕ್ಕೆ 11,013. ಈಗ ಆ ಷರತ್ತನ್ನು ನೆನಪಿಸಿಕೊಳ್ಳಿ: ಡಬ್ಲ್ಯು ವರ್ಗದಿಂದ ಉಳಿದ ವರ್ಗಗಳನ್ನು ಕಳೆದರೆ 1. ಡಬ್ಲ್ಯು 4096 ಆದಾಗ ಅದರ ವರ್ಗ 2ರ ಘಾತ 24. ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ 32 ಬಿಟ್ ರೂಪ) ಇರುವುದು 24 ಬಿಟ್ ನಿಖರತೆ. ಅಂದರೆ ಅಷ್ಟು ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಆ 1 ಕಾಣುವುದೇ ಇಲ್ಲ. ಬಿಂದು ಹೈಪರ್ಬೋಲಿಕ್ ಜಾಗದ ಮೇಲಿದೆಯಾ, ಅದರಿಂದ ಕಳಚಿ ಬಿದ್ದಿದೆಯಾ ಅಂತ ಹೇಳಲು ಆಗುವುದಿಲ್ಲ. ಇದು ಆಗುವುದು ದೂರ 9ರಲ್ಲಿ. ಎಂಟೊಂಬತ್ತು ಟೈಲ್ ನಡೆದರೆ ಸಾಕು. ಡಬಲ್‌ಗೆ (64 ಬಿಟ್ ರೂಪ) ಹೋದರೆ 53 ಬಿಟ್ ನಿಖರತೆ, ದೂರ 19. ಹದಿನೆಂಟು ಟೈಲ್‌ಗೆ ಅದೂ ಮುಗಿಯಿತು. ನಿಖರತೆ ಎರಡು ಪಟ್ಟು ಜಾಸ್ತಿ ಮಾಡಿದರೆ ದೂರವೂ ಎರಡು ಪಟ್ಟು ಮಾತ್ರ. ಬಿಟ್‌ಗಳನ್ನು ಸೇರಿಸುತ್ತಾ ಹೋಗಿ ಗೆಲ್ಲುವ ಲೆಕ್ಕ ಇದಲ್ಲ.

ತೆರೆಯ ಮೇಲೆ ಇದು ಹೀಗೆ ಕಾಣುತ್ತದೆ: ಗೋಡೆಗಳ ಮೂಲೆ ಮೊದಲು ಸಣ್ಣಗೆ ನಡುಗುತ್ತವೆ. ಇನ್ನೆರಡು ಹೆಜ್ಜೆ ಇಟ್ಟರೆ ಟೈಲ್‌ಗಳ ನಡುವೆ ಬಿರುಕು. ಇನ್ನೂ ಮುಂದೆ ಹೋದರೆ ನೆಲ ಒಂದು ಕಡೆ ಎಳೆದಂತೆ ಉದ್ದವಾಗುತ್ತದೆ.

ಪರಿಹಾರ ಇಷ್ಟು. ಆಟಗಾರನ ಜಾಗವನ್ನು ಲೋಕದ ಮೂಲಬಿಂದುವಿನಿಂದ ಅಳೆಯುವುದೇ ಬೇಡ. ಅವನು ಯಾವ ಟೈಲ್‌ನಲ್ಲಿ ಇದ್ದಾನೋ ಅದರ ನಡುವಿನಿಂದ ಅಳೆದರೆ ಸಾಕು. ದೂರ ಎಂದೂ 0.85 ದಾಟುವುದಿಲ್ಲ. ಬದಿ ದಾಟಿದ ತಕ್ಷಣ ಪಕ್ಕದ ಟೈಲ್‌ಗೆ ಲೆಕ್ಕ ವರ್ಗಾಯಿಸು. ಆ ವರ್ಗಾವಣೆಗೆ ಬೇಕಾದ ಮ್ಯಾಟ್ರಿಕ್ಸ್ ನಾಲ್ಕೇ ನಾಲ್ಕು, ಬದಿಗೊಂದು. ಪ್ರತಿ ಫ್ರೇಮ್‌ನಲ್ಲೂ ಕ್ಯಾಮೆರಾ ಮ್ಯಾಟ್ರಿಕ್ಸ್‌ನ ಕಾಲಂಗಳನ್ನು ಮಿಂಕೋವ್ಸ್ಕಿ ಗುಣಾಕಾರದ (ಡಬ್ಲ್ಯು ಭಾಗಕ್ಕೆ ಚಿಹ್ನೆ ತಿರುಗಿಸುವ ಗುಣಾಕಾರ) ಪ್ರಕಾರ ಮತ್ತೆ ಲಂಬವಾಗಿಸುತ್ತೇನೆ, ಮೊದಲು ಡಬ್ಲ್ಯು ಕಾಲಂ, ಆಮೇಲೆ ಉಳಿದವು. ಇಷ್ಟು ಮಾಡಿದ ಮೇಲೆ ಎಷ್ಟು ಹೊತ್ತು ನಡೆದರೂ ಚಿತ್ರ ಅಲುಗುವುದಿಲ್ಲ.

ಟೈಲ್‌ಗೆ ಒಂದು ವಿಳಾಸ

ಆದರೆ ಪ್ರಶ್ನೆ ಬೇರೆ ಕಡೆಗೆ ಜಾರಿತು. ಟೈಲ್‌ನ ಒಳಗಿನ ಜಾಗ ಗೊತ್ತು. ಯಾವ ಟೈಲ್?

ಗ್ರಾಫ್ ಹಾಳೆಯಲ್ಲಾದರೆ ಸಾಲು, ಕಾಲಂ ಅಂತ ಎರಡು ಪೂರ್ಣಾಂಕ ಸಾಕು. ಇಲ್ಲಿ ಆ ಥರದ ಸಾಲು ಇಲ್ಲ. ನಡೆದ ದಾರಿಯನ್ನೇ ವಿಳಾಸ ಮಾಡೋಣವೆಂದರೆ ಒಂದೇ ಟೈಲ್‌ಗೆ ಹಲವು ದಾರಿ. ಒಂದು ಟೈಲ್‌ನಲ್ಲಿ ಪೆಟ್ಟಿಗೆ ಇಟ್ಟು ಇನ್ನೊಂದು ದಾರಿಯಿಂದ ಬಂದರೆ ಪೆಟ್ಟಿಗೆ ಅಲ್ಲೇ ಇರಬೇಕು. ಟೈಲ್‌ಗಳನ್ನು ಬೇಕಾದಾಗ ಹುಟ್ಟಿಸಿ, ಮೂಲೆಯ ಸುತ್ತ ಐದಾದಾಗ ಜೋಡಿಸುವುದು ಒಂದು ವಿಧಾನ. ಸಣ್ಣ ಸುತ್ತಿಗೆ ಅದು ಸಾಕು. ಆದರೆ ಆಟಗಾರ ಇನ್ನೂ ಹುಟ್ಟದ ಟೈಲ್‌ಗಳ ಗುಂಪನ್ನು ದೊಡ್ಡದಾಗಿ ಸುತ್ತು ಹಾಕಿ ಬಂದರೆ ಜೋಡಣೆ ಸಿಗುವುದಿಲ್ಲ, ಒಂದೇ ಟೈಲ್ ಎರಡು ಸಲ ಹುಟ್ಟುತ್ತದೆ.

ಟೈಲ್‌ನ ನಡುಬಿಂದುವಿನ ಸಂಖ್ಯೆಗಳೇ ವಿಳಾಸವಾಗಬಹುದು, ಅವು ನಿಖರವಾಗಿದ್ದರೆ. ಡಬಲ್‌ನಲ್ಲಿ ನಿಖರತೆ ಇಲ್ಲ ಅಂತ ಆಗಲೇ ನೋಡಿದೆವು. ಇಲ್ಲಿ ಫೈ ಸಹಾಯಕ್ಕೆ ಬರುತ್ತದೆ. ಬೂಸ್ಟ್‌ನಲ್ಲಿ ಇರುವುದು ಫೈ ಮತ್ತು ಅದರ ವರ್ಗಮೂಲ. ಎಕ್ಸ್, ಝಡ್ ಎರಡನ್ನೂ ಫೈಯ ವರ್ಗಮೂಲದಿಂದ ಭಾಗಿಸಿ ಇಟ್ಟುಕೊಂಡರೆ ವರ್ಗಮೂಲ ಪೂರ್ತಿ ಮಾಯ. ನೆಲದ ಮೇಲಿನ ಬೂಸ್ಟ್, ಎಕ್ಸ್, ಝಡ್, ಡಬ್ಲ್ಯು ಕ್ರಮದಲ್ಲಿ, ಹೀಗಾಗುತ್ತದೆ:

ಫೈ 0 1
0 1 0
ಫೈ 0 ಫೈ

90 ಡಿಗ್ರಿ ತಿರುಗುವುದು ಬರೀ ಎಕ್ಸ್, ಝಡ್ ಅದಲುಬದಲು ಮತ್ತು ಒಂದು ಋಣ ಚಿಹ್ನೆ. ಹಾಗಾಗಿ ಎಷ್ಟು ಟೈಲ್ ನಡೆದರೂ, ಎಷ್ಟು ತಿರುಗಿದರೂ, ಮ್ಯಾಟ್ರಿಕ್ಸ್‌ನ ಪ್ರತಿ ಸಂಖ್ಯೆಯೂ ಅ + ಆ×ಫೈ ಅನ್ನುವ ರೂಪದಲ್ಲೇ ಇರುತ್ತದೆ. ಅ, ಆ ಎರಡೂ ಪೂರ್ಣಾಂಕ. ಫೈಯ ವರ್ಗ ಅಂದರೆ ಫೈ + 1. ಹಾಗಾಗಿ ಗುಣಾಕಾರ ಹೀಗೆ:

(ಅ + ಆ×ಫೈ) × (ಇ + ಈ×ಫೈ) = (ಅ×ಇ + ಆ×ಈ) + (ಅ×ಈ + ಆ×ಇ + ಆ×ಈ)×ಫೈ

ದಶಮಾಂಶವೇ ಇಲ್ಲ. ದುಂಡು ಮಾಡುವ ಪ್ರಶ್ನೆಯೇ ಇಲ್ಲ. ಟೈಲ್‌ನ ನಡುಬಿಂದುವಿಗೆ ಮೂರು ಸಂಖ್ಯೆ, ಒಂದೊಂದಕ್ಕೂ ಎರಡು ಪೂರ್ಣಾಂಕ. ಒಟ್ಟು ಆರು ಪೂರ್ಣಾಂಕ, ಅದೇ ವಿಳಾಸ. ಯಾವ ದಾರಿಯಿಂದ ಬಂದರೂ ಅದೇ ಆರು. ಇದನ್ನು ಹ್ಯಾಶ್ ಟೇಬಲ್‌ನ (ಕೀಲಿ ಕೊಟ್ಟರೆ ಮಾಹಿತಿ ಹುಡುಕಿಕೊಡುವ ಪಟ್ಟಿ) ಕೀಲಿ ಮಾಡಿದೆ. ಇದು ಕೆಲಸ ಮಾಡುವುದನ್ನು ನೋಡಿದಾಗ ಆದ ಸಂತೋಷ ಇಡೀ ಯೋಜನೆಯಲ್ಲಿ ಬೇರೆಲ್ಲೂ ಆಗಲಿಲ್ಲ.

ಬರೆದ ಮೊದಲ ಟೆಸ್ಟ್: ಒಂದು ಟೈಲ್ ಮುಂದೆ, 90 ಡಿಗ್ರಿ ತಿರುವು. ಈ ಜೋಡಿಯನ್ನು ಐದು ಸಲ ಗುಣಿಸಬೇಕು. ಒಂದು ಮೂಲೆಯ ಸುತ್ತ ಪೂರ್ತಿ ಸುತ್ತಿ ಬಂದಂತೆ. ಉತ್ತರ ಐಡೆಂಟಿಟಿ (ಏನನ್ನೂ ಬದಲಿಸದ) ಮ್ಯಾಟ್ರಿಕ್ಸ್ ಆಗಬೇಕು. ಆಯಿತು, ಹತ್ತಿರ ಹತ್ತಿರ ಅಲ್ಲ, ಒಂದೊಂದು ಪೂರ್ಣಾಂಕವೂ ತಾಳೆಯಾಗಿ.

ಈ ಪೂರ್ಣಾಂಕಗಳೂ ಘಾತೀಯವಾಗಿ ಬೆಳೆಯುತ್ತವೆ ಅನ್ನುವುದು ನಿಜ. 64 ಬಿಟ್‌ನಲ್ಲಿ ಸುಮಾರು 42 ಟೈಲ್ ನೇರ ನಡೆಯಬಹುದು, 128 ಬಿಟ್‌ನಲ್ಲಿ ಅದರ ಎರಡರಷ್ಟು. ನಾನು 128 ಇಟ್ಟು, ಅದರ ಅಂಚಿಗೆ ಮುಂಚೆ ಲೋಕಕ್ಕೆ ಗೋಡೆ ಹಾಕಿದೆ. ಒಳಗಿರುವ ಟೈಲ್‌ಗಳ ಸಂಖ್ಯೆಯ ಮುಂದೆ ಈ ಮಿತಿ ಏನೂ ಅಲ್ಲ.

ಟೈಲ್‌ಗೆ ವಿಳಾಸದ ಜೊತೆ ದಿಕ್ಕೂ ಬೇಕು. ಇದನ್ನು ಕೈಯಲ್ಲಿ ಮಾಡಿ ನೋಡುವುದು ಚೆನ್ನ. ಆಟಗಾರ ತಲೆ ತಿರುಗಿಸದೆ ಒಂದು ಟೈಲ್ ಮುಂದೆ ಹೋಗಲಿ. ಹಾಗೇ ಬಲಕ್ಕೆ ಒಂದು, ಹಿಂದಕ್ಕೆ ಒಂದು, ಎಡಕ್ಕೆ ಒಂದು. ಗ್ರಾಫ್ ಹಾಳೆಯಲ್ಲಾದರೆ ಇಷ್ಟಕ್ಕೆ ಹೊರಟಲ್ಲಿಗೇ ಬಂದಂತಾಯಿತು. ಇಲ್ಲಿ ಇನ್ನೂ ಒಂದು ಟೈಲ್ ಬಾಕಿ. ಮತ್ತೆ ಮುಂದೆ ಒಂದು ಹೋದರೆ ಹೊರಟ ಟೈಲ್ ಸಿಗುತ್ತದೆ, ಆದರೆ ಆಟಗಾರ ಈಗ ಮೊದಲಿನ ದಿಕ್ಕಿನಿಂದ 90 ಡಿಗ್ರಿ ಎಡಕ್ಕೆ ಮುಖ ಮಾಡಿರುತ್ತಾನೆ. ಒಂದು ಸಲವೂ ತಿರುಗದೆ ತಿರುಗಿದ್ದಾನೆ. ಅವನು ಸುತ್ತು ಹಾಕಿದ ಜಾಗದ ವಿಸ್ತೀರ್ಣ ಎಷ್ಟೋ ತಿರುವೂ ಅಷ್ಟೇ. ಆ ಐದು ನಡುಬಿಂದುಗಳ ಪಂಚಭುಜದ ವಿಸ್ತೀರ್ಣ ಸರಿಯಾಗಿ 90 ಡಿಗ್ರಿ.

ಕೋಡಿನಲ್ಲಿ ಇದರ ಅರ್ಥ: ಟೈಲ್ ಅನ್ನು ಮೊದಲ ಸಲ ಕಂಡಾಗಿನ ಪೂರ್ತಿ 3×3 ಮ್ಯಾಟ್ರಿಕ್ಸ್ ಅನ್ನು ಅದರ ಜೊತೆ ಇಡಬೇಕು. ಹದಿನೆಂಟು ಪೂರ್ಣಾಂಕ. ಮತ್ತೆ ಬಂದಾಗ ಹೊಸ ಮ್ಯಾಟ್ರಿಕ್ಸ್ ಜೊತೆ ಹೋಲಿಸಿದರೆ 0ರಿಂದ 3ರವರೆಗಿನ ಒಂದು ತಿರುವಿನ ಸಂಖ್ಯೆ ಸಿಗುತ್ತದೆ. ಗೋಡೆ, ಪೆಟ್ಟಿಗೆ, ದೀಪ ಎಲ್ಲವನ್ನೂ ಅಷ್ಟು ತಿರುಗಿಸಿ ಬಿಡಿಸಬೇಕು.

ಎಷ್ಟು ದೂರ ಬಿಡಿಸಬೇಕು

ದೂರ 6ರ ಒಳಗೆ ಸುಮಾರು 1000 ಟೈಲ್, 7ರ ಒಳಗೆ 2700, 8ಕ್ಕೆ 7400, 9ಕ್ಕೆ 20,000. ದೂರ ಒಂದು ಹೆಚ್ಚಿದರೆ ಕೆಲಸ ಎರಡೂಮುಕ್ಕಾಲು ಪಟ್ಟು ಹತ್ತಿರ. ಎಲ್ಲೋ ನಿಲ್ಲಿಸಲೇಬೇಕು. ಅದೃಷ್ಟಕ್ಕೆ ವಸ್ತುಗಳು ಚಿಕ್ಕದಾಗುವ ವೇಗವೂ ಅಷ್ಟೇ. ದೂರ 5ರಲ್ಲಿ 0.6 ಎತ್ತರದ ಗೋಡೆ, 1080 ಸಾಲಿನ ತೆರೆಯಲ್ಲಿ 60 ಡಿಗ್ರಿ ನೋಟ ಇಟ್ಟರೆ, ಏಳೆಂಟು ಪಿಕ್ಸೆಲ್ ಮಾತ್ರ. ಅಲ್ಲಿಗೆ ಮಂಜು ಮುಚ್ಚಿಬಿಟ್ಟೆ. ಆಟಗಾರ ಟೈಲ್‌ನ ಮೂಲೆಯಲ್ಲಿ ನಿಂತಿರಬಹುದು, ಕಾಣುವ ಟೈಲ್‌ನ ಮೂಲೆ ಮಾತ್ರ ಒಳಗೆ ಬಂದಿರಬಹುದು. ಹಾಗಾಗಿ ಪಟ್ಟಿಯನ್ನು 7ರವರೆಗೆ ಇಟ್ಟೆ.

ಯಾವ ಟೈಲ್‌ನಲ್ಲಿ ನಿಂತರೂ ಸುತ್ತಲಿನ ಜೋಡಣೆ ಒಂದೇ. ಹಾಗಾಗಿ ಆ 2700 ಮ್ಯಾಟ್ರಿಕ್ಸ್‌ಗಳನ್ನು ಗೇಮ್ ಶುರುವಾಗುವಾಗ ಒಂದೇ ಸಲ ಪೂರ್ಣಾಂಕದಲ್ಲಿ ಲೆಕ್ಕ ಹಾಕಿ, ಆಮೇಲೆ ಫ್ಲೋಟ್‌ಗೆ ಇಳಿಸಿ ಜಿಪಿಯುಗೆ ಕೊಟ್ಟರೆ ಮುಗಿಯಿತು. ಟೈಲ್ ಬದಲಾದಾಗ ಮಾತ್ರ ಯಾವ ಜಾಗದಲ್ಲಿ ಯಾವ ಸಾಮಾನು ಅಂತ ಹ್ಯಾಶ್ ಟೇಬಲ್ ನೋಡಬೇಕು.

ಯಾವುದು ಮುಂದೆ, ಯಾವುದು ಹಿಂದೆ ಅಂತ ಪ್ರತಿ ಪಿಕ್ಸೆಲ್‌ಗೂ ದೂರ ಇಟ್ಟುಕೊಳ್ಳುವ ಡೆಪ್ತ್ ಬಫರ್ ಬಗ್ಗೆ ಒಂದು ಎಚ್ಚರ. ಬೆಲ್ಟ್ರಾಮಿಯ ಗೋಳದ ತ್ರಿಜ್ಯ 1. ಹಾಗಾಗಿ ಫಾರ್ ಪ್ಲೇನ್ (ನೋಟದ ಕೊನೆಯ ಗಡಿ) ಅನ್ನು 1ಕ್ಕೆ ಇಟ್ಟರೆ ಇಡೀ ಅನಂತ ಜಾಗ ಒಳಗೆ. ಕೇಳಲು ಚೆಂದ. ಆದರೆ ನಿಯರ್ (ನೋಟ ಶುರುವಾಗುವ ಗಡಿ) 0.01 ಇದ್ದರೆ, 24 ಬಿಟ್ ಬಫರ್‌ನಲ್ಲಿ ದೂರ 5ರಿಂದ ಅನಂತದವರೆಗೆ ಉಳಿಯುವುದು ಹದಿನೈದು ಮೆಟ್ಟಿಲು ಮಾತ್ರ. ದೂರದ ಗೋಡೆಗಳು ಒಂದರೊಳಗೊಂದು ಮಿಣುಗುತ್ತವೆ. ಫ್ರಾಗ್ಮೆಂಟ್ ಶೇಡರ್‌ನಲ್ಲಿ (ಪಿಕ್ಸೆಲ್ ಪಿಕ್ಸೆಲ್‌ಗೂ ಓಡುವ ಶೇಡರ್) ನಿಜವಾದ ದೂರವನ್ನೇ ಲೆಕ್ಕ ಹಾಕಿ ಡೆಪ್ತ್ ಆಗಿ ಬರೆದೆ. ಎಕ್ಸ್, ವೈ, ಝಡ್ ವೆಕ್ಟರ್‌ನ ಉದ್ದವನ್ನು ಡಬ್ಲ್ಯುನಿಂದ ಭಾಗಿಸಿದರೆ ದೂರದ ಟ್ಯಾಂಶ್ (ಸಿಂಶ್ ಭಾಗಿಸು ಕಾಶ್) ಸಿಗುತ್ತದೆ. ಟ್ಯಾಂಶ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ದೂರ. ತ್ರಿಕೋನದ ಒಳಗೆ ಜಿಪಿಯು ಬೆರೆಸಿ ಕೊಡುವ ಬೆಲೆಗಳು ಆ ಷರತ್ತಿನಿಂದ ಸ್ವಲ್ಪ ಜಾರಿರುತ್ತವೆ. ಆದರೂ ಇದು ಅನುಪಾತವಾದ್ದರಿಂದ ಉತ್ತರ ಕೆಡುವುದಿಲ್ಲ. ಮಂಜಿಗೂ ಅದೇ ಬೆಲೆ ಬೇಕಿತ್ತು, ಒಂದೇ ಲೆಕ್ಕದಲ್ಲಿ ಎರಡೂ ಆಯಿತು. ಅರ್ಲಿ-ಝಡ್ (ಮರೆಯಾಗುವ ಪಿಕ್ಸೆಲ್‌ಗಳನ್ನು ಮೊದಲೇ ಬಿಟ್ಟುಬಿಡುವ ಉಳಿತಾಯ) ಕೈತಪ್ಪುತ್ತದೆ, ಈ ಗಾತ್ರದ ದೃಶ್ಯಕ್ಕೆ ಅದು ದೊಡ್ಡ ಹೊರೆಯಲ್ಲ.

ಮನೆಗೆ ದಾರಿ

ನಡೆದಾಡುವವರು ಈ ಲೋಕದಲ್ಲಿ ಕಳೆದುಹೋಗುತ್ತಾರೆ. ಗೊಂದಲ ಆಗಿ ಅಲ್ಲ, ಲೆಕ್ಕದ ಪ್ರಕಾರವೇ. ಮನೆ ಟೈಲ್‌ನಿಂದ 10 ದೂರ ನೇರ ನಡೆಯಿರಿ. ಹಿಂದೆ ತಿರುಗಿ. ತಿರುಗುವಾಗ ಒಂದೇ ಒಂದು ಡಿಗ್ರಿ ತಪ್ಪಿತು ಅಂದುಕೊಳ್ಳಿ. ಮತ್ತೆ 10 ನಡೆಯಿರಿ. ಸಮತಟ್ಟು ನೆಲದಲ್ಲಿ ಮನೆ 0.17 ದೂರದಲ್ಲಿ ಇರುತ್ತಿತ್ತು, ಕೈಚಾಚಿದರೆ ಸಿಗುವಷ್ಟು. ಇಲ್ಲಿ ಮನೆ 10.5 ದೂರ. ಹೊರಟಾಗ ಇದ್ದದ್ದಕ್ಕಿಂತ ಜಾಸ್ತಿ ದೂರ! ಒಂದು ಡಿಗ್ರಿ ತಪ್ಪಿದ್ದಕ್ಕೆ.

ಉತ್ತರ ದಿಕ್ಕು ತೋರಿಸುವ ದಿಕ್ಸೂಚಿ ಇಲ್ಲಿ ಉಪಯೋಗವಿಲ್ಲ. ಸುತ್ತು ಹಾಕಿ ಬಂದರೆ ದಿಕ್ಕೇ ತಿರುಗಿರುತ್ತದೆ ಅಂತ ಮೇಲೆ ನೋಡಿದೆವು. ಬೇಕಾದದ್ದು ಮನೆ ಕಡೆಗೆ ಮುಖ ಮಾಡಿದ ಬಾಣ. ಪೂರ್ಣಾಂಕದ ವಿಳಾಸ ಇರುವುದರಿಂದ ಅದು ಸುಲಭವಾಯಿತು. ಈಗಿನ ಟೈಲ್‌ನ ಮ್ಯಾಟ್ರಿಕ್ಸ್‌ನ ಇನ್ವರ್ಸ್ ತೆಗೆದುಕೊಂಡರೆ ಅದರ ಕೊನೆಯ ಕಾಲಂ ಮನೆಯ ಜಾಗ, ಇಲ್ಲಿಂದ ನೋಡಿದಂತೆ. ಅದನ್ನು ಡಬಲ್‌ಗೆ ಇಳಿಸಿ, ಟೈಲ್‌ನ ಒಳಗೆ ಆಟಗಾರ ನಿಂತ ಜಾಗಕ್ಕೆ ಒಂದು ಬೂಸ್ಟ್ ಹಾಕಬೇಕು. ಬೇಕಿರುವುದು ದಿಕ್ಕು ಮಾತ್ರ, ಅಂದರೆ ಎಕ್ಸ್ ಮತ್ತು ಝಡ್‌ನ ಅನುಪಾತ. ಸಂಖ್ಯೆಗಳು ಎಷ್ಟೇ ದೊಡ್ಡದಿದ್ದರೂ ಅನುಪಾತ ಕೆಡುವುದಿಲ್ಲ. ಲೋಕದ ಅಂಚಿನಲ್ಲಿ ನಿಂತರೂ ಬಾಣ ಕರಾರುವಾಕ್ಕಾಗಿ ಮನೆ ತೋರಿಸುತ್ತದೆ.

ಬಾಣ ತೆರೆಯ ಮೇಲೆ ನಯವಾಗಿ ತಿರುಗಲಿ ಅಂತ ಸಾಮಾನ್ಯವಾಗಿ ಹಾಕುವ ಸ್ಮೂತಿಂಗ್ ಇಲ್ಲಿ ತೆಗೆಯಬೇಕಾಯಿತು. ಮನೆ ದೂರದಲ್ಲಿ ನೇರ ಮುಂದಿದೆ ಅಂದುಕೊಳ್ಳಿ. ಪಕ್ಕಕ್ಕೆ ಒಂದು ಟೈಲ್ ಜರುಗಿದರೆ ಬಾಣ ಸುಮಾರು 52 ಡಿಗ್ರಿ ತಿರುಗುತ್ತದೆ. ಮನೆ 10 ದೂರವಿರಲಿ, 40 ದೂರವಿರಲಿ, ಅದೇ 52. ಸಮತಟ್ಟು ನೆಲದಲ್ಲಿ 10 ದೂರದ ಮನೆಗೆ ಅಷ್ಟೇ ಜರುಗಿದರೆ ಬಾಣ ತಿರುಗುವುದು ಸುಮಾರು ಆರು ಡಿಗ್ರಿ ಮಾತ್ರ. ಇಷ್ಟು ಜೋರಾಗಿ ತಿರುಗುವ ಬಾಣ ಕಾಲು ಸೆಕೆಂಡ್ ಹಿಂದೆ ಬಿದ್ದರೂ ಆಟಗಾರ ತಪ್ಪು ಟೈಲ್‌ಗೆ ಕಾಲಿಡುತ್ತಾನೆ. ಈಗ ಅದು ಪ್ರತಿ ಫ್ರೇಮ್‌ಗೂ ಹೊಸದಾಗಿ ಲೆಕ್ಕವಾಗುತ್ತದೆ, ಪಕ್ಕದಲ್ಲಿ ದೂರವನ್ನೂ ಎರಡು ದಶಮಾಂಶದವರೆಗೆ ಬರೆಯುತ್ತದೆ. ಮುಂದಿನ ಕೆಲಸ ನೆರಳು. ದೀಪವನ್ನು ಮೂಲಬಿಂದುವಿಗೆ ತಂದು ಅದರ ಸುತ್ತ ಕ್ಯೂಬ್ ಮ್ಯಾಪ್ (ಆರು ದಿಕ್ಕಿನ ಆರು ಚಿತ್ರ) ಬಿಡಿಸಿದರೆ ಇದೇ ಮ್ಯಾಟ್ರಿಕ್ಸ್‌ಗಳು ಅಲ್ಲೂ ನಡೆಯಬೇಕು.